ಶುಬರ್ಟ್‌ನ ಮಾಸ್ ಅನ್ನು ಪೂಜೆಯಲ್ಲೇ ಹಾಡುವುದು: ನನ್ನ ಅನುಭವ

ವಿಯೆನ್ನಾದ ಒಂದು ಚರ್ಚಿನ ಕಾಯರ್‌ನಲ್ಲಿ (ಗಾಯಕವೃಂದದಲ್ಲಿ) ನಾನು ಬಾಸ್, ಅಂದರೆ ಗಂಡಸರ ತಗ್ಗಿನ ದನಿಯ ಭಾಗ ಹಾಡುತ್ತೇನೆ. ಭಾನುವಾರದ ದೊಡ್ಡ ಪೂಜೆಗೆ ಹಳೆಯ ಮಾಸ್ ಸಂಗೀತವನ್ನು, ಅಂದರೆ ಪೂಜೆಯ ಲ್ಯಾಟಿನ್ ಪ್ರಾರ್ಥನೆಗಳಿಗೆ ಕಟ್ಟಿದ ಹಾಡುಗಳನ್ನು, ವಾದ್ಯಗಳ ಸಮೇತ ಹಾಡುವ ರೂಢಿ ಈ ಊರಿನಲ್ಲಿ ಇನ್ನೂ ಇದೆ. ನಾವು ಜಾಸ್ತಿ ಹಾಡುವುದು ಆಸ್ಟ್ರಿಯದ ಸಂಗೀತ ರಚನಕಾರ ಶುಬರ್ಟ್‌ನ ಜಿ ಮೇಜರ್ ಮಾಸ್. 1815ರ ಮಾರ್ಚ್‌ನಲ್ಲಿ ಅವನು ಅದನ್ನು ಒಂದು ವಾರದೊಳಗೆ ಬರೆದು ಮುಗಿಸಿದ. ಆಗ ಅವನಿಗೆ ಬರೀ 18 ವರ್ಷ! ತಂತಿವಾದ್ಯ, ಆರ್ಗನ್, ಮೂವರು ಸೋಲೋ ಗಾಯಕರು ಇದ್ದರೆ ಸಾಕು. ನಮ್ಮಂಥ ಹವ್ಯಾಸಿಗಳಿಗೂ ಕೈಗೆಟುಕುತ್ತದೆ.

ಲ್ಯಾಟಿನ್ ಸಾಲುಗಳನ್ನು ನಾನು ಕನ್ನಡದಲ್ಲೇ ಬರೆದುಕೊಂಡೆ. ಇಲ್ಲಿ ಜರ್ಮನ್ ಧಾಟಿಯ ಉಚ್ಚಾರ. ಒಂದೇ ಪದ ರೋಮಿನ ಧಾಟಿಯಲ್ಲಿ 'ಚೇಲಿ', ಇಲ್ಲಿ 'ತ್ಸೇಲಿ'. ನಮ್ಮ ಲಿಪಿಗೆ ಅದೇನೂ ಕಷ್ಟವಲ್ಲ.

ದೇವರನ್ನು ಕೊಂಡಾಡುವ ಭಾಗವಾದ ಗ್ಲೋರಿಯಾ ಖುಷಿಯಾಗಿ, ಜೋರಾಗಿ ಸಾಗುತ್ತದೆ. ಬೆವರಿಳಿಸುವುದು ಕ್ರೇಡೊ, ಅಂದರೆ 'ನಂಬುತ್ತೇನೆ' ಎಂದು ಶುರುವಾಗುವ ವಿಶ್ವಾಸದ ಪ್ರಾರ್ಥನೆ. ಕೆಳಗೆ ಚೆಲ್ಲೋಗಳು (ತಗ್ಗು ದನಿಯ ತಂತಿವಾದ್ಯಗಳು) ಬಿಡಿಬಿಡಿ ಸ್ವರಗಳಲ್ಲಿ ಹೆಜ್ಜೆ ಹಾಕುತ್ತವೆ. ಮೇಲೆ ನಾಲ್ಕೂ ದನಿಗಳು ಒಟ್ಟಿಗೆ, ತುಂಬಾ ಮೆಲ್ಲಗೆ ಹಾಡಬೇಕು. ಮೆಲ್ಲಗೆ ಹಾಡಿದಾಗ ಶ್ರುತಿ ಇಳಿಯುತ್ತದೆ, ಲಯವೂ ಎಳೆಯುತ್ತದೆ. ಪಕ್ಕದವರೂ ನಾನೂ ಉಸಿರು ಹಂಚಿಕೊಂಡೆವು. ಅವರು ಎಳೆದುಕೊಳ್ಳುವ ಜಾಗದಲ್ಲಿ ನಾನು ಎಳೆದುಕೊಳ್ಳುವುದಿಲ್ಲ. ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೇವೆ. ದನಿ ಸಣ್ಣದಾದಷ್ಟೂ ವ್ಯಂಜನ ಚುರುಕಾಗಿರಬೇಕು. ಕಿವಿ ಮಾತ್ರ ಚೆಲ್ಲೋ ಕಡೆಗೆ.

ಈ ಪ್ರಾರ್ಥನೆ ಬಾಯಿಪಾಠ ಇರುವವರಿಗೆ ಇಲ್ಲೊಂದು ಎಚ್ಚರಿಕೆ. ಕಥೋಲಿಕ ಧರ್ಮಸಭೆಯನ್ನು ನಂಬುತ್ತೇನೆ ಎನ್ನುವ ಸಾಲು ಇದರಲ್ಲಿಲ್ಲ. ತನ್ನ ಲ್ಯಾಟಿನ್ ಮಾಸ್‌ಗಳಲ್ಲೆಲ್ಲ ಶುಬರ್ಟ್ ಅದನ್ನು ಬಿಟ್ಟಿದ್ದಾನೆ. ಆಗ ಅದರಿಂದ ಪೂಜೆಗೇನೂ ತೊಡಕಾಗುತ್ತಿರಲಿಲ್ಲ. ಕಾಯರ್ ಏನೇ ಹಾಡಲಿ, ಪಾದ್ರಿಗಳು ಪೂರ್ತಿ ಪ್ರಾರ್ಥನೆಯನ್ನು ತಾವೇ ಮೆಲುದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಈಗ ಪಾದ್ರಿಗಳು ಹಾಗೆ ಹೇಳಿಕೊಳ್ಳುವುದಿಲ್ಲ, ಕಾಯರ್ ಬಿಟ್ಟ ಸಾಲು ಬಿಟ್ಟೇ ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಎಷ್ಟೋ ಭಾನುವಾರ ಕ್ರೇಡೊ ಕೈಬಿಟ್ಟು ಜನರೇ ಹೇಳುತ್ತಾರೆ. ಅಷ್ಟು ಕಷ್ಟಪಟ್ಟು ಕಲಿತವನಿಗೆ ಹೊಟ್ಟೆ ಉರಿಯುವುದಿಲ್ವಾ?

ಸ್ವರಕ್ಕಿಂತ ನನಗೆ ತಡವಾಗಿ ದಕ್ಕಿದ್ದು ಪೂಜೆಯ ಜೊತೆ ಹೆಜ್ಜೆ ಹಾಕುವುದು. ನಾವು ನಿಲ್ಲುವುದು ಹಿಂದಿನ ಅಟ್ಟದ ಮೇಲೆ. ಆರ್ಗನ್ ನುಡಿಸುವವರು ಕನ್ನಡಿಯಲ್ಲಿ ಪೂಜಾಪೀಠವನ್ನು ನೋಡುತ್ತಿರುತ್ತಾರೆ. ಪಾದ್ರಿಗಳ ಹಾಡು ಮುಗಿದ ತಕ್ಷಣ ಸಾಂಕ್ಟುಸ್ ('ಪರಿಶುದ್ಧನು' ಎನ್ನುವ ಹಾಡು) ಶುರುವಾಗಬೇಕು. ಅಷ್ಟರಲ್ಲಿ ಪುಟ ತೆರೆದು, ಎದ್ದು ನಿಂತಿರಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಅದರ ಮುಂದಿನ ಭಾಗವಾದ ಬೆನೆಡಿಕ್ಟುಸ್ ಅನ್ನು ರೊಟ್ಟಿ, ದ್ರಾಕ್ಷಾರಸ ಎತ್ತಿ ತೋರಿಸಿದ ನಂತರ ಹಾಡುತ್ತಿದ್ದರು. ನಾವೀಗ ಅದನ್ನು ಜನ ಪವಿತ್ರ ರೊಟ್ಟಿ ಸ್ವೀಕರಿಸುವ ಪರಮಪ್ರಸಾದದ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಅದು ಮೂವರು ಸೋಲೋ ಗಾಯಕರದ್ದು. ನಾವು ಸುಮ್ನೆ ಕೂತಿರುತ್ತೇವೆ, ಗಂಟಲು ತಣ್ಣಗಾಗುತ್ತದೆ. ಆಮೇಲೆ ಅದರ ಕೊನೆಯ 'ಒಸಾನ್ನಾ' ಎನ್ನುವ ಜಯಘೋಷಕ್ಕೆ ದಿಢೀರನೆ ಎದ್ದು ಹಾಡಬೇಕು. ಆಗ ಪ್ರಸಾದದ ಸಾಲು ಉದ್ದವಿದ್ದರೆ ಮಿಕ್ಕ ಹೊತ್ತನ್ನು ಆರ್ಗನ್ ತುಂಬುತ್ತದೆ. ಸಾಲು ಬೇಗ ಕರಗಿದರೆ ನಾವು ಮುಗಿಸುವವರೆಗೆ ಪಾದ್ರಿಗಳೇ ಕಾಯಬೇಕು.