ಬೊಲಿವಿಯಾದಲ್ಲಿ ನನ್ನ ಮೊದಲ ವರ್ಷ: ಭಾಷೆ ಬಂದಿದ್ದು ಕ್ಲಾಸಿಂದ ಕಮ್ಮಿ, ಅಡುಗೆಮನೆಯಿಂದ ಜಾಸ್ತಿ

ನಮ್ಮ ಕ್ರೈಸ್ತ ಸನ್ಯಾಸಿನಿಯರ ಸಂಸ್ಥೆಯಿಂದ ಚಿಕ್ಕ ವಯಸ್ಸಿನ ಸಿಸ್ಟರ್ಸ್ ಕೆಲವರು ಈಗ ಲ್ಯಾಟಿನ್ ಅಮೆರಿಕಾಕ್ಕೆ ಹೊರಡ್ತಿದಾರೆ, ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ, ಅಲ್ಲಿ ಹೇಗೆ ಹೊಂದ್ಕೊಂಡ್ರಿ ಸಿಸ್ಟರ್ ಅಂತ. ಪ್ರತಿ ಸಲ ಅರ್ಧಂಬರ್ಧ ಹೇಳೋ ಬದ್ಲು ಒಂದ್ಕಡೆ ಬರೆದಿಡೋಣ ಅನ್ನಿಸ್ತು.

ನಾನಿರೋದು ಕೋಚಬಂಬಾ ಊರಲ್ಲಿ. ಸುಮಾರು 2,550 ಮೀಟರ್ ಎತ್ತರದ ಕಣಿವೆ, ಬಿಸಿಲಿದ್ರೂ ಸೆಕೆ ಇಲ್ಲ, ಹವೆ ವಿಷಯದಲ್ಲಿ ಹಾಸನ ಬೆಂಗಳೂರು ಕಡೆಯವ್ರಿಗೆ ಅಷ್ಟೇನು ತೊಂದ್ರೆ ಆಗಲ್ಲ. ಲಾ ಪಾಸ್ ಕಡೆ ಇಳಿಯೋರು ಮಾತ್ರ ಹುಷಾರು, ಅಲ್ಲಿನ ಏರ್‌ಪೋರ್ಟೇ 4,000 ಮೀಟರಿಗಿಂತ ಮೇಲಿದೆ, ಇಳಿದ ತಕ್ಷಣ ತಲೆ ಸಿಡಿಯುತ್ತೆ, ನಾಲ್ಕು ಮೆಟ್ಲು ಹತ್ತಿದ್ರೆ ಉಸಿರು ಸಿಗಲ್ಲ. ಮೊದಲ ದಿನ ಹೊಟ್ಟೆ ತುಂಬ ತಿನ್ನಬೇಡಿ, ಕೋಕಾ ಎಲೆ ಚಹಾ ಕೊಡ್ತಾರೆ, ಕುಡಿದು ಮಲಗಿಬಿಡಿ.

ನಮ್ಮ ಮನೆ ಊರಿನ ದಕ್ಷಿಣದ ಗುಡ್ಡದ ಮೇಲೆ, ಸೋನಾ ಸುರ್ ಅಂತಾರೆ ಆ ಕಡೆಗೆ. ಹೋಗೋಕೆ ಮುಂಚೆ ಈ ಜನ ಯಾರು, ಎಲ್ಲಿಂದ ಬಂದ್ರು ಅಂತ ತಿಳ್ಕೊಳ್ಳೋದು ತುಂಬಾ ಮುಖ್ಯ ಅಂತ ನನ್ನ ಅಭಿಪ್ರಾಯ. 1985ರಲ್ಲಿ ತವರದ ಬೆಲೆ ಬಿದ್ದುಹೋಗಿ ಸರ್ಕಾರಿ ಗಣಿಗಳಿಂದ 20,000ಕ್ಕೂ ಹೆಚ್ಚು ಕಾರ್ಮಿಕರನ್ನ ತೆಗೆದ್ರು, ಒರುರೋ, ಪೊತೊಸಿ ಅನ್ನೋ ಗಣಿ ಊರುಗಳ ಕಡೆಯಿಂದ ಆ ಕುಟುಂಬಗಳು ಗಂಟುಮೂಟೆ ಕಟ್ಕೊಂಡು ಬಂದಿದ್ದು ಇಂಥ ಗುಡ್ಡಗಳಿಗೇನೇ. 2000ದಲ್ಲಿ ನೀರನ್ನ ಖಾಸಗಿ ಕಂಪನಿಗೆ ಕೊಟ್ಟಾಗ ಇಡೀ ಊರು ಬೀದಿಗಿಳಿದು ಒಪ್ಪಂದ ರದ್ದು ಮಾಡಿಸ್ತು, ಆದ್ರೂ ನಮ್ಮ ಗುಡ್ಡದ ಮನೆಗಳಿಗೆ ಇವತ್ತಿಗೂ ನೀರು ಬರೋದು ಟ್ಯಾಂಕರ್‌ನಲ್ಲಿ. ಮನೆ ಮುಂದೆ ಇನ್ನೂರು ಲೀಟರಿನ ಡ್ರಮ್ಮು, ಟ್ಯಾಂಕರ್ ಹಾರ್ನ್ ಕೇಳಿದ್ರೆ ಹೆಂಗಸ್ರು ಮಾಡ್ತಿರೋ ಕೆಲಸ ಬಿಟ್ಟು ಓಡ್ತಾರೆ. ನಲ್ಲಿ ಇರೋ ಮನೆಯವರಿಗಿಂತ ಇವರು ಒಂದು ಡ್ರಮ್ಮಿಗೆ ಜಾಸ್ತಿ ದುಡ್ಡು ಕೊಡ್ತಾರೆ, ಇದು ನಂಗೆ ಇವತ್ತಿಗೂ ಸಂಕಟ ಆಗೋ ವಿಷಯ. ಇಂಥ ಮನೇಲಿ ನಿಮ್ಗೆ ಒಂದು ಲೋಟ ನೀರು ಕೊಟ್ರೆ ಅದರ ಬೆಲೆ ಗೊತ್ತಿರಬೇಕು.

ಭಾಷೆ ವಿಷಯಕ್ಕೆ ಬರ್ತೀನಿ. ಮೊದಲ ಕೆಲವು ತಿಂಗಳು ಸ್ಪ್ಯಾನಿಷ್ ಕ್ಲಾಸಿಗೆ ಹಾಕ್ತಾರೆ, ಅದು ಬೇಕೇ ಬೇಕು, ತಪ್ಪಿಸ್ಕೋಬೇಡಿ. ಆದ್ರೆ ನೋಟ್ಸ್ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡ್ರೆ ಉಚ್ಚಾರಣೆ ಕೆಡುತ್ತೆ, ನಾನು ಎಲ್ಲಾ ಕನ್ನಡ ಲಿಪೀಲೇ ಬರ್ಕೊಂಡೆ. ಸ್ಪ್ಯಾನಿಷಲ್ಲಿ ಟ ಡ ಇಲ್ಲ, ಎಲ್ಲಾ ತ ದ, ಸ್ವರಗಳು ನಮ್ಮ ಅ ಎ ಇ ಒ ಉ ಥರ ಬರೆದ ಹಾಗೇ ಓದೋದು, ಕ್ರಿಯಾಪದದಲ್ಲೇ ಯಾರು ಅಂತ ಗೊತ್ತಾಗೋದ್ರಿಂದ ನಾನು ನೀನು ಅಂತ ಪ್ರತಿ ಸಲ ಹೇಳೋದೂ ಬೇಕಿಲ್ಲ, ನಮ್ಮ "ಬರ್ತೀನಿ" "ಬರ್ತಾಳೆ" ಹಾಗೇನೇ. ತಲೆ ನೋಯ್ತಿದೆ, ಇಷ್ಟ ಆಯ್ತು ಅನ್ನೋದನ್ನೂ ಅವ್ರು "ನಂಗೆ" ಅಂತಾನೇ ಶುರು ಮಾಡ್ತಾರೆ. ಹಾಗಾಗಿ ಇಂಗ್ಲಿಷಿಂದ ಸ್ಪ್ಯಾನಿಷಿಗೆ ಹೋಗೋ ದಾರಿ ಬಿಟ್ಟು ಕನ್ನಡದಿಂದ ಹೋಗಿ, ನಂಗೆ ಎಷ್ಟೋ ಸುಲಭ ಆಯ್ತು.

ಮಾತು ಬಾಯಿಗೆ ಬಂದಿದ್ದು ಮಾತ್ರ ಪಕ್ಕದ ಮನೆ ಅಜ್ಜಿ ಅಡುಗೆಮನೇಲಿ. ಬತಾನ್ ಅಂತ ಒಂದು ಕಲ್ಲಿರುತ್ತೆ, ಅಗಲವಾಗಿ ಚಪ್ಪಟೆ, ಅದರ ಮೇಲೆ ಅರ್ಧಚಂದ್ರದ ಆಕಾರದ ಇನ್ನೊಂದು ಕಲ್ಲು, ಎರಡೂ ಕೈಲಿ ಹಿಡಿದು ಉಜ್ಜೋದಲ್ಲ, ಈ ತುದಿಯಿಂದ ಆ ತುದಿಗೆ ತೂಗಿಸ್ತಾ ಅರೆಯೋದು. ಟೊಮೆಟೊ, ಉಪ್ಪು, ಕಿಲ್ಕಿನ್ಯಾ ಅನ್ನೋ ಘಾಟಿನ ಸೊಪ್ಪು, ಮತ್ತೆ ಲೊಕೋತೊ ಮೆಣಸಿನಕಾಯಿ, ಅದರೊಳಗಿನ ಬೀಜ ಕಪ್ಪಗಿರುತ್ತೆ. ಇದನ್ನ ಅರೆದ್ರೆ ಲ್ಯಾಹ್ವಾ, ಪ್ರತಿ ಊಟಕ್ಕೂ ಇದು ಬೇಕು. ಅಜ್ಜಿ "ಕೊಡು ಮಾದ್ರೆಸಿತಾ, ನಾನು ಮಾಡ್ತೀನಿ" ಅಂದ್ರು (ಸಿಸ್ಟರ್‌ಗಳನ್ನ ಪ್ರೀತಿಯಿಂದ ಹಾಗೆ ಕರೀತಾರೆ), ಇಲ್ಲ ಅಜ್ಜಿ ನಾನೇ ಅರೀತೀನಿ ಅಂತ ಕೂತೆ. ಚಟ್ನಿ ಅರೆದ ಕೈ ಅಲ್ವಾ, ಕಲ್ಲು ಸ್ವಲ್ಪ ಹೊತ್ತಲ್ಲೇ ಮಾತು ಕೇಳ್ತು. ಅವತ್ತಿಂದ ದಿನಾ ಮಧ್ಯಾಹ್ನ ಅಲ್ಲೇ, ಅವ್ರು ಗಂಡ ಗಣೀಲಿ ದುಡಿದಿದ್ದು, ಆಮೇಲೆ ಶ್ವಾಸಕೋಶ ಹಾಳಾಗಿ ಸತ್ತಿದ್ದು, ಮಗಳು ಸ್ಪೇನಿಗೆ ಮನೆಗೆಲಸಕ್ಕೆ ಹೋಗಿದ್ದು ಎಲ್ಲಾ ಹೇಳ್ತಾ ಹೋಗೋರು, ನಾನು ಕೇಳ್ತಾ ಕೇಳ್ತಾ ಭೂತಕಾಲದ ರೂಪಗಳೆಲ್ಲ ತಾನಾಗೇ ಕೂತ್ಕೊಂಡ್ವು. ಮಿಷನರಿ ಅಂದ್ರೆ ಹೋಗಿ ಹೇಳಿಕೊಡೋರು ಅಂತ ತಲೇಲಿ ಇಟ್ಕೊಂಡು ಬರಬೇಡಿ, ಮೊದಲ ವರ್ಷ ಪೂರ್ತಿ ನೀವು ಅತಿಥಿ, ಕೊಟ್ಟಿದ್ದು ತಗೊಳ್ಳೋದು, ಕೇಳಿಸ್ಕೊಳ್ಳೋದು, ಅದೇ ಕೆಲಸ. ಇದನ್ನ ನಾನು ತುಂಬಾ ಗಟ್ಟಿಯಾಗಿ ನಂಬ್ತೀನಿ.

ಊಟ ಅಂದ್ರೆ ಮೊದಲು ದೊಡ್ಡ ಬಟ್ಟಲಲ್ಲಿ ಸೂಪು, ಅದಾದ್ಮೇಲೆ ಅನ್ನ ಆಲೂಗಡ್ಡೆ ಮಾಂಸ ಒಂದೇ ತಟ್ಟೇಲಿ. ಹಸಿ ಕಡ್ಲೆಬೀಜ ರುಬ್ಬಿ ಮಾಡೋ ಸೂಪು ನಮ್ಮೋರಿಗೆ ಖಂಡಿತ ಹಿಡಿಸುತ್ತೆ. ಚುನ್ಯೊ ಅಂತ ಕಪ್ಪು ಆಲೂಗಡ್ಡೆ ಬರುತ್ತೆ, ಬೆಟ್ಟದ ಮೇಲೆ ರಾತ್ರಿ ಚಳೀಲಿ ಹೆಪ್ಪುಗಟ್ಟಿಸಿ, ಕಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಲ್ಲಿ ಒಣಗಿಸಿದ್ದು, ವರ್ಷಗಟ್ಟಲೆ ಕೆಡಲ್ಲ. ವಾಸನೆ ಮೊದಲಿಗೆ ಬೇರೆ ಅನ್ಸುತ್ತೆ, ಲ್ಯಾಹ್ವಾ ಜೊತೆ ತಿನ್ನಿ.

ಒಳಗೆ ಹೋದ್ರೆ ಎಲ್ಲರಿಗೂ ಸೇರಿಸಿ ಒಂದೇ ನಮಸ್ಕಾರ ಸಾಲದು, ಒಬ್ಬೊಬ್ಬರ ಹತ್ರಾನೂ ಹೋಗಿ ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡಿಸಬೇಕು, ಹೊರಡುವಾಗಲೂ ಅಷ್ಟೇ. ನಂಗೆ ಮೊದಮೊದಲು ಮೈ ಬಿಗಿಯೋದು, ಆಮೇಲೆ ರೂಢಿ ಆಯ್ತು. ಲಾ ಕಾಂಚಾ ಮಾರ್ಕೆಟ್ಟಿಗೆ ಹೋದ್ರೆ ಒಂದೇ ಅಂಗಡಿ ಹಿಡಿದುಕೊಳ್ಳಿ, ಆಕೆ ನಿಮ್ಮನ್ನ ಕಸೆರಿತಾ, ಅಂದ್ರೆ ಖಾಯಂ ಗಿರಾಕಿ, ಅಂತಾಳೆ, ನೀವೂ ಆಕೆನ ಕಸೆರಿತಾ ಅನ್ನಿ, ವಾರ ಕಳೆಯೋಷ್ಟರಲ್ಲಿ ತೂಕದ ಮೇಲೆ ಕೊಸರು ಹಾಕೋಕೆ ಶುರು ಮಾಡ್ತಾಳೆ.

ನವೆಂಬರ್ ಬಂತು. 1ನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಸತ್ತವರ ಆತ್ಮ ಮನೆಗೆ ಬರುತ್ತೆ, ಮಾರನೇ ದಿನ ಹನ್ನೆರಡಕ್ಕೆ ಹೊರಡುತ್ತೆ ಅಂತ ಇವರ ನಂಬಿಕೆ. ಮೇಜಿನ ಮೇಲೆ ಬಟ್ಟೆ ಹಾಸಿ ಫೋಟೋ, ಮೇಣದಬತ್ತಿ, ಹೂವು, ಸತ್ತವರಿಗೆ ಇಷ್ಟ ಆಗಿದ್ದ ಅಡುಗೆ, ಮಗುವಿನ ಮುಖ ಇರೋ ಬ್ರೆಡ್ಡು, ಆತ್ಮ ಇಳಿದು ಬರೋಕೆ ಏಣಿ ಆಕಾರದ ಬ್ರೆಡ್ಡು. ನಮ್ಮೂರಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಪಿತೃಪಕ್ಷಕ್ಕೆ ಎಡೆ ಇಡೋದು ನೋಡೇ ಬೆಳೆದವಳು ನಾನು, ಹಾಗಾಗಿ ಅಜ್ಜಿ ಕರೆದಾಗ ಏನು ಮಾಡಬೇಕು ಅಂತ ಯಾರನ್ನೂ ಕೇಳಲಿಲ್ಲ, ಗಂಡನ ಫೋಟೋ ಮುಂದೆ ನಿಂತು ಸ್ಪ್ಯಾನಿಷಲ್ಲಿ ಪ್ರಾರ್ಥನೆ ಹೇಳಿದೆ, ಅವ್ರು ಉಡಿ ತುಂಬ ಬ್ರೆಡ್ಡು ಹಾಕಿ ಕಳಿಸಿದ್ರು. ಇದೆಲ್ಲ ಸರಿನಾ ಅಂತ ಕೆಲವರು ಕೇಳ್ತಾರೆ. 2015ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಇದೇ ದೇಶದ ಸಾಂತಾ ಕ್ರುಸ್‌ನಲ್ಲಿ ನಿಂತು, ಅಮೆರಿಕಾನ ಗೆದ್ದ ಕಾಲದಲ್ಲಿ ಮೂಲನಿವಾಸಿಗಳ ಮೇಲೆ ಆದ ಅಪರಾಧಗಳಿಗೆ ಕ್ಷಮೆ ಕೇಳಿದ್ರು. ಅದಾದ್ಮೇಲೂ ನಾವು ಬಂದು ಇವರ ಮನೆಯ ಮೇಜು ತೆಗೆಸೋಕೆ ಹೋಗಬಾರದು.

ಮನೆ ನೆನಪು ಬರುತ್ತೆ, ಬರಲ್ಲ ಅಂತ ಸುಳ್ಳು ಹೇಳಲ್ಲ. ಒಂಬತ್ತೂವರೆ ಗಂಟೆ ವ್ಯತ್ಯಾಸ, ಇಲ್ಲಿ ಬೆಳಿಗ್ಗೆ ಏಳಕ್ಕೆ ಮಾಡಿದ್ರೆ ಅಲ್ಲಿ ಸಂಜೆ ನಾಲ್ಕೂವರೆ, ಅಮ್ಮ ಕಾಫಿ ಕುಡೀತಾ ಇರ್ತಾರೆ. ಆ ಹೊತ್ತು ಗೊತ್ತು ಮಾಡ್ಕೊಳ್ಳಿ, ಇಡೀ ದಿನ ಫೋನ್ ಹಿಡಿದು ಕೂತ್ರೆ ಇಲ್ಲಿ ಯಾರ ಮುಖಾನೂ ಕಾಣಲ್ಲ.

ಸ್ಪ್ಯಾನಿಷ್ ಬಂದ್ರೆ ಮುಗೀತು ಅಂದ್ಕೋಬೇಡಿ. ಇಲ್ಲಿ 2009ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಜೊತೆ 36 ಮೂಲನಿವಾಸಿ ಭಾಷೆಗಳು ಅಧಿಕೃತ, ನಮ್ಮ ಗುಡ್ಡದಲ್ಲಿ ವಯಸ್ಸಾದವರು ಅಳುವಾಗ ಬಾಯಿಗೆ ಬರೋದು ಕೆಚುವಾ. ಈಗ ಅದನ್ನ ಶುರು ಮಾಡಿದೀನಿ. ವಾಸಿ ಅಂದ್ರೆ ಮನೆ, ವಾಸಿಪಿ ಅಂದ್ರೆ ಮನೆಯಲ್ಲಿ, ವಾಸಿಮಂತ ಅಂದ್ರೆ ಮನೆಯಿಂದ, ಕ್ರಿಯಾಪದ ಸಾಮಾನ್ಯವಾಗಿ ಕೊನೇಲಿ ಬರುತ್ತೆ, ಆದ್ರಿಂದ ಯುರೋಪಿಂದ ಬಂದವರಿಗಿಂತ ನಮಗೆ ಇದರ ಜಾಡು ಬೇಗ ಸಿಗುತ್ತೆ. ಬರೋರು ಸ್ಪ್ಯಾನಿಷ್ ಸ್ವಲ್ಪ ಗಟ್ಟಿಯಾದ ಕೂಡ್ಲೆ, ಎರಡನೇ ವರ್ಷಕ್ಕೇ ಕೆಚುವಾ ಕ್ಲಾಸಿಗೆ ಕಳಿಸಿ ಅಂತ ಸುಪೀರಿಯರ್ ಹತ್ರ ಈಗಲೇ ಕೇಳಿಟ್ಕೊಳ್ಳಿ.