ಮೊಂಮಾರ್ತ್ರ್ ಗುಡ್ಡವನ್ನು ಹಿಂಬದಿಯಿಂದ ಹತ್ತಿ

ಪ್ಯಾರಿಸ್ಸಿನ ಮೊಂಮಾರ್ತ್ರ್‌ಗೆ ಹೋಗುವ ಬಹುಪಾಲು ಪ್ರವಾಸಿಗರು ದಕ್ಷಿಣದ ಮೆಟ್ಟಿಲುಗಳಿಂದ ನೇರವಾಗಿ ಸಾಕ್ರೆ ಕೇರ್ ಚರ್ಚಿನತ್ತ ಏರುತ್ತಾರೆ. ಆ ಮೆಟ್ಟಿಲುಗಳ ಬುಡದಲ್ಲಿಯೇ, ಬೇಡವೆಂದರೂ ಕೈಗೆ ಬಣ್ಣದ ದಾರ ಸುತ್ತಿ ಆಮೇಲೆ ಹಣಕ್ಕೆ ಪೀಡಿಸುವವರು ಕಾದಿರುತ್ತಾರೆ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಮುಂದೆ ನಡೆಯುವುದೊಂದೇ ಉಪಾಯ.

ಅದಕ್ಕಿಂತ, ಮೆಟ್ರೋ 12ನೇ ಮಾರ್ಗದ ಲಮಾರ್ಕ್-ಕೋಲಾಂಕೂರ್ ನಿಲ್ದಾಣದಲ್ಲಿ ಇಳಿದು, ಉತ್ತರ ದಿಕ್ಕಿನಿಂದ ಸೋಲ್ ಬೀದಿಯ ಏರನ್ನು ನಿಧಾನವಾಗಿ ಹತ್ತುವುದು ಮೇಲು. ಎಡಕ್ಕೆ, ಕಟ್ಟಡಗಳು ತಲೆಯೆತ್ತದಿರಲೆಂದು 1933ರಲ್ಲಿ ನೆಟ್ಟ ಪುಟ್ಟ ದ್ರಾಕ್ಷಿ ತೋಟ ಇಳಿಜಾರಿನಲ್ಲಿ ಸಾಲುಸಾಲಾಗಿ ಕಾಣುತ್ತದೆ. ಅದರ ಮೇಲ್ಭಾಗದ ಕೋರ್ತೋ ಬೀದಿಯಲ್ಲಿ, 1876ರಲ್ಲಿ ಚಿತ್ರಕಾರ ರೆನ್ವಾರ್ ವಾಸವಿದ್ದ ಮನೆಯೇ ಇಂದು ಮೊಂಮಾರ್ತ್ರ್ ವಸ್ತುಸಂಗ್ರಹಾಲಯ. ಸಮಯ ಕಡಿಮೆಯಿದ್ದರೆ ಬೇರೆಲ್ಲವನ್ನೂ ಬಿಟ್ಟು ಇದನ್ನೇ ನೋಡಿ. ಚಿತ್ರಕಲಾವಿದೆ ಸುಜಾನ್ ವಾಲಾದೋಂ ಕೆಲಸ ಮಾಡುತ್ತಿದ್ದ ಕೋಣೆಯನ್ನು ಇಲ್ಲಿ ಮರುರೂಪಿಸಿದ್ದಾರೆ.

ಚಿತ್ರಕಾರರು ಕೂರುವ ತೆರ್ತ್ರ್ ಚೌಕದಲ್ಲಿ ಭಾವಚಿತ್ರ ಬರೆಸಿಕೊಳ್ಳುವುದಾದರೆ ಕೂರುವ ಮೊದಲೇ ಬೆಲೆ ಗೊತ್ತುಮಾಡಿಕೊಳ್ಳಿ.

ಪಿಕಾಸೊ 1907ರಲ್ಲಿ ‘ಅವಿನ್ಯೋನಿನ ತರುಣಿಯರು’ ಚಿತ್ರ ರಚಿಸಿದ ಬಾತೋ-ಲಾವ್ವಾರ್ ಕಟ್ಟಡ 1970ರಲ್ಲಿ ಸುಟ್ಟುಹೋಗಿ, ಮುಂಭಾಗ ಮಾತ್ರ ಉಳಿದಿದೆಯಾದ್ದರಿಂದ, ಒಳಗೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ.

ಹಿಂದಿರುಗುವಾಗ ಅಬೆಸ್ ನಿಲ್ದಾಣವನ್ನು ಬಳಸಿ. ನೆಲದಿಂದ ಸುಮಾರು 36 ಮೀಟರ್ ಆಳದಲ್ಲಿರುವ ಅಲ್ಲಿಗೆ ಲಿಫ್ಟ್ ಇದ್ದರೂ, ಗೋಡೆಯುದ್ದಕ್ಕೂ ಚಿತ್ರಗಳಿರುವ ಸುರುಳಿ ಮೆಟ್ಟಿಲುಗಳಲ್ಲಿ ಇಳಿಯುವುದೇ ಚೆಂದ. ಹತ್ತುವ ಸಾಹಸ ಮಾತ್ರ ಬೇಡ.