ವರ್ಷದ ಖಾರಕ್ಕೆ ಹುಬ್ಬಳ್ಳಿ ಪೇಟೆ: ಇಬ್ಬರು ಹೋಗಿ ಒಂದೇ ದಿನದಲ್ಲಿ ಮುಗಿಸುವುದು ಹೇಗೆ?

ಶಿವರಾತ್ರಿ ಕಳೆದು ಯುಗಾದಿ ಬರುವವರೆಗಿನ ದಿನಗಳಲ್ಲಿ, ಗದಗದಿಂದ ಹುಬ್ಬಳ್ಳಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಖಾಲಿ ಚೀಲಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ ಗಂಡ-ಹೆಂಡಿರು ಕಾಣಸಿಗುತ್ತಾರೆ. ವರ್ಷದ ಖಾರಕ್ಕೆ, ಎಂದರೆ ಖಾರಪುಡಿಗೆ, ಬೇಕಾದ ಒಣಮೆಣಸಿನಕಾಯಿ, ಜೊತೆಗೆ ಹವೀಜ (ಕೊತ್ತಂಬರಿ ಬೀಜ), ಕೊಬ್ಬರಿ, ಮಸಾಲೆ ಸಾಮಾನು, ಸಂಜೆಗೊಂದು ಪ್ಲೇಟು ಗಿರ್ಮಿಟ್ಟು, ಇಷ್ಟೇ ಆ ಪ್ರಯಾಣದ ಉದ್ದೇಶ. ಆದರೂ ಇವರಲ್ಲಿ ಹಲವರು ಮಳೆಗಾಲದ ಹೊತ್ತಿಗೆ ಗಂಟುಕಟ್ಟಿ ಬಣ್ಣಗೆಟ್ಟ ಖಾರವನ್ನು ಚೆಲ್ಲಿ ಕಿರಾಣಿ ಅಂಗಡಿಯ ಪಾಕೀಟಿಗೆ ಶರಣಾಗುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಮದುವೆಯಾದ ಎರಡನೆಯ ವರ್ಷ ನಮ್ಮ ಮನೆಯಲ್ಲೂ ಹೀಗೇ ಆಯಿತು. ರಸ್ತೆ ಬದಿಯ ಒಂದು ಅಂಗಡಿಯಲ್ಲಿ 4 ಕಿಲೋ ತೂಗಿಸಿ ತಂದ ಕಾಯಿ, ಮಾಳಿಗೆಯ ಮೇಲೆ ಎರಡು ದಿನ ಒಣಗಿದ್ದೇ ಮೂರೂವರೆ ಕಿಲೋಗೆ ಇಳಿಯಿತು. ಅರ್ಧ ಕಿಲೋ ನೀರಿಗೆ ನಾವು ಮೆಣಸಿನಕಾಯಿಯ ದರ ತೆತ್ತಿದ್ದೆವು.

ಹೊರಡುವ ಮುನ್ನ ಮಾಡಬೇಕಾದ ಕೆಲಸ ಎರಡು. ಮೊದಲನೆಯದಾಗಿ, ಪತ್ರಿಕೆಯ ಪೇಟೆ ಧಾರಣೆಯಲ್ಲಾಗಲಿ, ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಾಗಲಿ ಬ್ಯಾಡಗಿ ಮಾರುಕಟ್ಟೆಯ ದರ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು ನಡೆಯುವುದರಿಂದ, ಮಂಗಳವಾರ ಇಲ್ಲವೆ ಶುಕ್ರವಾರ ಹೊರಟವರ ಕೈಯಲ್ಲಿ ಹೊಸ ದರ ಇರುತ್ತದೆ. ಧಾರಣೆ ಕ್ವಿಂಟಲ್ ಲೆಕ್ಕದಲ್ಲಿರುತ್ತದೆ. ನೂರರಿಂದ ಭಾಗಿಸಿದರೆ ಕಿಲೋ ದರ ಸಿಗುತ್ತದೆ. ಕನಿಷ್ಠ ಮತ್ತು ಗರಿಷ್ಠ ದರಗಳ ನಡುವಿನ ದೊಡ್ಡ ಅಂತರವನ್ನು ಕಂಡು ಗಾಬರಿಯಾಗಬೇಕಿಲ್ಲ, ಕಾಯಿಯ ಗುಣದಲ್ಲೂ ಅಷ್ಟೇ ಅಂತರವಿರುತ್ತದೆ. ಎರಡನೆಯದು ಚೀಲ. ಪ್ಲಾಸ್ಟಿಕ್ ಚೀಲದಲ್ಲಿ ಕಾಯಿ ಬೆವರುತ್ತದೆ. ಒಗೆದು ಒಣಗಿಸಿದ ಹಳೆಯ ದಿಂಬಿನ ಚೀಲಗಳಿಗಿಂತ ಒಳ್ಳೆಯದು ಬೇರೊಂದಿಲ್ಲ.

ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ದಾರಿ. ಹತ್ತು ಗಂಟೆಯೊಳಗೆ ಪೇಟೆಯಲ್ಲಿರುವಂತೆ ಹೊರಡಿ.

ಎಲ್ಲಿ ಕೊಳ್ಳಬೇಕೆಂಬುದು ಎಷ್ಟು ಬೇಕೆಂಬುದರ ಮೇಲೆ ನಿಂತಿದೆ. ಕೂಡು ಕುಟುಂಬಕ್ಕೆ ಚೀಲಗಟ್ಟಲೆ ಬೇಕಾದವರು ಧಾರವಾಡ ರಸ್ತೆಯಲ್ಲಿರುವ ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಹೋಗಲಿ. ನಾಲ್ಕು ಜನರ ಮನೆಗೆ ಮೂರು-ನಾಲ್ಕು ಕಿಲೋ ಸಾಕು; ಅಷ್ಟಕ್ಕಾಗಿ ಅಲ್ಲಿ ಅಲೆಯುವ ಬದಲು ದುರ್ಗದ ಬೈಲಿನ ಸುತ್ತಲಿನ ಅಂಗಡಿಗಳೇ ಮೇಲು. ಮೂರುಸಾವಿರ ಮಠದ ಆವರಣದಲ್ಲಿ ಒಣಮೆಣಸಿನಕಾಯಿ ಮೇಳ ನಡೆಯುವ ದಿನಗಳು ಒದಗಿ ಬಂದರೆ ಎರಡನ್ನೂ ಬಿಟ್ಟು ಅಲ್ಲಿಗೇ ಹೋಗಿ, ಬೆಳೆದವರ ಕೈಯಿಂದಲೇ ಕೊಳ್ಳಿ. ಬ್ಯಾಡಗಿ ಎಂಬುದು ಕಾಯಿಗೆ ಹೆಸರು ಕೊಟ್ಟ ಪೇಟೆ. ಬೆಳೆ ಬರುವುದು ಕುಂದಗೋಳದಂಥ ತಾಲ್ಲೂಕುಗಳ ಎರೆಹೊಲಗಳಿಂದಲೂ ಹೌದು. 2011ರಲ್ಲಿ ಭೌಗೋಳಿಕ ಸೂಚಿಕೆಯ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ) ಮಾನ್ಯತೆ ಪಡೆದ ಈ ಕಾಯಿಯ ಹೆಸರನ್ನು ಯಾವ ಯಾವುದೋ ಹೈಬ್ರಿಡ್ ಕಾಯಿಯ ರಾಶಿಗೂ ಚುಚ್ಚಿಡುವವರಿದ್ದಾರೆ, ಹಾಗಾಗಿ ಫಲಕವನ್ನು ಓದಿ ನಂಬಬೇಡಿ.

ಇನ್ನು ಜನ ಎಡವುವ ಜಾಗಕ್ಕೆ ಬರೋಣ. ಅಂಗಡಿಯ ಮುಂದೆ ಕಟ್ಟಿರುವ ತಾಡಪತ್ರಿಯ ಬಣ್ಣವನ್ನು ಮೊದಲು ನೋಡಿ. ಕೆಂಪು ಅಥವಾ ಕಿತ್ತಳೆ ತಾಡಪತ್ರಿಯ ಕೆಳಗೆ ಎಂಥ ಕಾಯಿಯೂ ಕೆಂಪಾಗಿಯೇ ಕಾಣುತ್ತದೆ. ಒಂದು ಹಿಡಿ ಕಾಯಿಯನ್ನು ಎತ್ತಿಕೊಂಡು ಬಿಸಿಲಿಗೆ ಬನ್ನಿ. ಇಬ್ಬರು ಹೋಗುವುದರ ಪ್ರಯೋಜನ ಇಲ್ಲಿಯೇ ಇರುವುದು: ಒಬ್ಬರು ದರದ ಮಾತು ತೆಗೆದು ಅಂಗಡಿಯವರನ್ನು ಹಿಡಿದಿಡಬೇಕು, ಇನ್ನೊಬ್ಬರು ಚೀಲದೊಳಗೆ ಮೊಳಕೈವರೆಗೆ ಕೈ ಇಳಿಸಿ ತಳದ ಕಾಯಿ ತೆಗೆಯಬೇಕು. ನಮ್ಮಲ್ಲಿ ಮಾತು ನಮ್ಮ ಮನೆಯವರದು, ಕೈ ನನ್ನದು. ಮೇಲೆ ಜೋಡಿಸಿಟ್ಟ ಕಾಯಿ ಎಂದೂ ಚೆನ್ನಾಗಿಯೇ ಇರುತ್ತದೆ, ಅದನ್ನು ನೋಡಿ ತೀರ್ಮಾನಿಸುವುದು ಮದುಮಗಳ ಸೀರೆ ನೋಡಿ ಹೆಣ್ಣು ಒಪ್ಪಿದಂತೆ.

ತಳದ ಕಾಯಿಯನ್ನು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ, ಹಸಿಯಿದ್ದರೆ ಸದ್ದೇ ಇರುವುದಿಲ್ಲ. ಬಳಿಕ ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಡಿ. ತೊಗಲಿನಂತೆ ಮೆತ್ತಗೆ ಮಡಿಚಿಕೊಂಡು ಹಾಗೆಯೇ ಉಳಿದರೆ ನೀರು ಚಿಮುಕಿಸಿದ್ದಾರೆ ಅಥವಾ ಶೀತಲಗೃಹದಿಂದ ಈಗಷ್ಟೇ ಹೊರತೆಗೆದಿದ್ದಾರೆ ಎಂದು ತಿಳಿಯಿರಿ. ಮುಟ್ಟಿದ ಕೂಡಲೇ ಚೂರಾದರೆ ಅದು ಬಿಸಿಲಿನಲ್ಲಿ ಬೆಂದ ಹಳೆಯ ಕಾಯಿ. ಮೂರನೆಯದಾಗಿ, ನಾಲ್ಕೈದು ಕಾಯಿಗಳನ್ನು ಮುರಿದು ಒಳಗೆ ನೋಡಲೇಬೇಕು. ಅಂಗಡಿಯವರು ಹುಬ್ಬು ಗಂಟಿಕ್ಕಿದರೂ ಮುರಿಯಲೇಬೇಕು. ಹೊರಗೆ ಥಳಥಳಿಸುವ ಕಾಯಿಯ ಹೊಟ್ಟೆಯಲ್ಲಿ ಬೀಜದ ಸುತ್ತ ಬೂದು ಇಲ್ಲವೆ ಕಪ್ಪು ಬೂಸ್ಟು ಹಿಡಿದಿರುವುದುಂಟು. ಹಸಿಯಿರುವಾಗಲೇ ಚೀಲ ಕಟ್ಟಿದರೆ ಬೆಳೆಯುವ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಹುರಿದರೂ ಕುಟ್ಟಿದರೂ ಹೋಗುವುದಿಲ್ಲ. ಅಂಥ ಒಂದೇ ಕಾಯಿ ಸಿಕ್ಕರೂ ಆ ಚೀಲವನ್ನು ಬಿಟ್ಟು ಮುಂದಿನ ಅಂಗಡಿಗೆ ನಡೆಯಿರಿ, ದರ ಇಳಿಸುತ್ತೇನೆಂದರೂ ನಿಲ್ಲಬೇಡಿ.

ಬಣ್ಣದ ಪರೀಕ್ಷೆಗೆ ಕುಡಿಯುವ ನೀರಿನ ಬಾಟಲಿಯೇ ಸಾಕು. ಮೆಣಸಿನಕಾಯಿಯ ಸಹಜ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಿನಲ್ಲಿ ಸುಲಭವಾಗಿ ಬಿಡುವುದಿಲ್ಲ. ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ನೀರು ಹಾಕಿ ಒಂದು ಚೂರು ಕಾಯಿ ಅದ್ದಿದಾಗ ನೀರು ತಕ್ಷಣ ಕೆಂಪಾದರೆ ಬಣ್ಣ ಬಳಿದಿದ್ದಾರೆ ಎಂದೇ ಅರ್ಥ. ಎಣ್ಣೆ ಸವರಿ ಹೊಳಪು ಬರಿಸಿದ ಕಾಯಿಯನ್ನು ಹಳೆಯ ಪತ್ರಿಕೆಯ ತುಂಡಿನಿಂದ ಒರೆಸಿದರೆ ಕಾಗದದ ಮೇಲೆ ಜಿಡ್ಡಿನ ಕಲೆ ಉಳಿಯುತ್ತದೆ. ಪಾಕೀಟಿನ ಅಗ್ಗದ ಖಾರಪುಡಿಯನ್ನೂ ಒಮ್ಮೆ ಲೋಟದ ನೀರಿನ ಮೇಲೆ ಉದುರಿಸಿ ನೋಡಿ. ಬಣ್ಣದ ಎಳೆಗಳು ಗೆರೆಗೆರೆಯಾಗಿ ತಳಕ್ಕಿಳಿಯುವುದನ್ನು ಕಂಡವರು ಮತ್ತೆ ಅದನ್ನು ಮನೆಗೆ ತರಲಾರರು.

ತಳಿಯ ವಿಷಯ. ಮೈಮೇಲೆ ಆಳವಾದ ಸುಕ್ಕುಗಳಿದ್ದರೆ ಬ್ಯಾಡಗಿ, ನುಣುಪಾಗಿದ್ದರೆ ಗುಂಟೂರು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡಗೆ ದುಂಡಗಿದ್ದು ಬೀಜ ಹೆಚ್ಚು, ಬಣ್ಣ ಮತ್ತು ಪರಿಮಳದಲ್ಲಿ ಮೇಲು. ಕಡ್ಡಿ ಉದ್ದವಾಗಿ ಸಪೂರವಾಗಿದ್ದು ಬೀಜ ಕಡಿಮೆ. ಎರಡು ಪಾಲು ಡಬ್ಬಿ, ಒಂದು ಪಾಲು ಕಡ್ಡಿ, ಖಾರ ಬೇಕೆನ್ನುವವರಿಗೆ ಅರ್ಧ ಪಾಲು ಗುಂಟೂರು. ಇದಕ್ಕಿಂತ ಹೆಚ್ಚು ಗುಂಟೂರು ಬೆರೆಸಿದರೆ ಎಣ್ಣೆಗಾಯಿ ಕೆಂಪಾಗುವ ಮೊದಲೇ ನಾಲಿಗೆ ಉರಿಯುತ್ತದೆ. ಬೀಜ ತೆಗೆದರೆ ಖಾರ ತಗ್ಗುತ್ತದೆ ಎಂದು ನಂಬಿ ಗಂಟೆಗಟ್ಟಲೆ ಬೀಜ ಬಿಡಿಸುವವರಿಗೊಂದು ಮಾತು: ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ.

ತೂಗುವಾಗ ತಕ್ಕಡಿಯ ಅಂಕಿ ಸೊನ್ನೆಯಲ್ಲಿದೆಯೇ ನೋಡಿ, ನೀವು ಆರಿಸಿದ ಚೀಲದಿಂದಲೇ ಸುರಿಯುತ್ತಾರೆಯೇ ಎಂಬುದನ್ನೂ ನೋಡಿ. ಒಳಗಿನಿಂದ ಬೇರೆ ಚೀಲ ತರುತ್ತೇವೆ ಎಂದರೆ ಒಪ್ಪಬೇಡಿ.

ಉಳಿದ ಸಾಮಾನು ಸುಲಭ. ಒಣಕೊಬ್ಬರಿಯನ್ನು ಒಡೆದು ಮೂಸಿ, ಕಮಟು ವಾಸನೆ ಇರಬಾರದು. ಹವೀಜವನ್ನು ಅಂಗೈಯಲ್ಲಿ ತಿಕ್ಕಿದರೆ ಘಮ್ಮೆನ್ನಬೇಕು. ಲವಂಗಕ್ಕೆ ತಲೆಯ ಮೊಗ್ಗು ಇರಬೇಕು. ಗುರೆಳ್ಳು, ಅಗಸಿ, ಜೋಳಗಳನ್ನು ಹುಬ್ಬಳ್ಳಿಯಿಂದ ಹೊತ್ತು ತರುವ ಅಗತ್ಯವಿಲ್ಲ, ಗದಗ ಪೇಟೆಯಲ್ಲೇ ಸಿಗುತ್ತವೆ. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ. ಬಂದದ್ದೇ ಬಂದೆವು, ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೂ ಹೋಗಿ ಪೇಡೆ ತರೋಣ ಎಂದು ಜೊತೆಗಿದ್ದವರು ಹೇಳಿಯೇ ಹೇಳುತ್ತಾರೆ. ಬೇಡ. ಅದು ಇನ್ನೊಂದು ದಿನದ ಪ್ರಯಾಣ. ಪೇಡೆ ಹುಬ್ಬಳ್ಳಿಯಲ್ಲೂ ಸಿಗುತ್ತದೆ. ಆದರೆ ಅದನ್ನು ಮೆಣಸಿನಕಾಯಿಯ ಚೀಲದಲ್ಲಿ ಇಡಬಾರದು, ಹಾಲಿನ ಪದಾರ್ಥ ಘಾಟನ್ನು ಬಹುಬೇಗ ಎಳೆದುಕೊಳ್ಳುತ್ತದೆ.

ಸಂಜೆ ದುರ್ಗದ ಬೈಲಿನಲ್ಲಿ ಗಿರ್ಮಿಟ್ಟು-ಮಿರ್ಚಿ ತಿನ್ನುವ ಮೊದಲು ಕೈ ತೊಳೆಯುವ ಕ್ರಮವೊಂದಿದೆ. ಖಾರದ ಅಂಶವೂ ಎಣ್ಣೆಯಲ್ಲೇ ಕರಗುವುದರಿಂದ ಬರಿಯ ನೀರು ಅದನ್ನು ಬೆರಳಿನಿಂದ ಬಿಡಿಸದು. ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಅನಂತರ ಸಾಬೂನು ಹಾಕಿ. ಈ ಮಾತನ್ನು ಕೇಳದೆ ಕಣ್ಣುಜ್ಜಿಕೊಂಡ ನಮ್ಮ ಮನೆಯವರು ಒಮ್ಮೆ ಅಣ್ಣಿಗೇರಿಯವರೆಗೂ ಒದ್ದೆ ಕರವಸ್ತ್ರ ಹಿಡಿದೇ ಕುಳಿತಿದ್ದರು.

ಮನೆಗೆ ಬಂದ ಮರುದಿನವೇ ಕಾಯಿಯನ್ನು ತೆಳುವಾಗಿ ಹರವಿ ಎರಡು ಬಿಸಿಲು ಕೊಡಿ, ತೊಟ್ಟು ಬಿಡಿಸಿ, ಸ್ವಲ್ಪವೇ ಎಣ್ಣೆಯಲ್ಲಿ ಬೆಚ್ಚಗೆ ಮಾಡಿ. ಗಿರಣಿಯಲ್ಲಿ ನಿಮಗಿಂತ ಮೊದಲು ಅರಿಷಿಣ ಬೀಸಿದ್ದರೆ ಸರದಿ ಬಿಟ್ಟುಕೊಡಿ, ಉಳಿದ ಪುಡಿ ನಿಮ್ಮ ಖಾರಕ್ಕೆ ಬೆರೆಯುತ್ತದೆ. ಬೀಸಿದ ಖಾರ ಬಿಸಿಯಾಗಿರುತ್ತದೆ. ಅವಸರಕ್ಕೆ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರಿ ಗಂಟಾಗುತ್ತದೆ. ಅಗಲವಾದ ಪರಾತದಲ್ಲಿ ಹರವಿ ಇಡೀ ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ಒಣಗಿದ ಗಾಜಿನ ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಎರಡು ಹರಳು ಇಂಗು ಇಟ್ಟು ಮುಚ್ಚಳ ಬಿಗಿಯಿರಿ.